ಇಂಟರ್‌ನೆಟ್ಟಿನ ಶಾನುಭೋಗ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯಾವ ಹೊಲ ಯಾರದು ಎಂಬ ಪ್ರಶ್ನೆ ಎದ್ದಾಗ ಜನ ಶಾನುಭೋಗರ ಮನೆಗೆ ಹೋಗುತ್ತಿದ್ದರು. ಸರ್ವೆ ನಂಬರು, ಎಕರೆ-ಗುಂಟೆ, ಕಂದಾಯ ಎಲ್ಲವೂ ಅವರ ಕಡತದಲ್ಲಿರುತ್ತಿತ್ತು. ಕಡತದಲ್ಲಿ ಬರೆದದ್ದೇ ನಿಜ. ಬರೆಯುವ ಕೈ ನೆಟ್ಟಗಿದ್ದರೆ ಊರಿಗೆ ನೆಮ್ಮದಿ. ಇಲ್ಲದಿದ್ದರೆ ಕೋರ್ಟು ಕಚೇರಿ ಅಲೆದಾಟ.

ಜಗತ್ತನ್ನೇ ಬೆಸೆದಿರುವ ಇಂಟರ್‌ನೆಟ್ಟಿಗೂ ಇಂಥ ಒಬ್ಬ ಶಾನುಭೋಗರಿದ್ದರು. ಅವರ ಹೆಸರು ಜಾನ್ ಪೋಸ್ಟೆಲ್. ಉದ್ದನೆಯ ಗಡ್ಡ, ಕಾಲಿಗೆ ಚಪ್ಪಲಿ, ಮಿತ ಮಾತು. ಅವರನ್ನು ಯಾರೂ ಚುನಾಯಿಸಿರಲಿಲ್ಲ, ಯಾವ ದೇಶದ ಶಾಸನವೂ ಅವರಿಗೆ ಅಧಿಕಾರ ಕೊಟ್ಟಿರಲಿಲ್ಲ. ಆದರೂ 1972ರಿಂದ 1998ರವರೆಗೆ, ಇಪ್ಪತ್ತಾರು ವರ್ಷ, ಇಂಟರ್‌ನೆಟ್ಟಿನ ಯಾವ ಅಂಕಿ ಯಾರಿಗೆ ಎಂಬುದನ್ನು ಬರೆದಿಡುತ್ತಿದ್ದವರು ಅವರೇ. ಆ ಪಟ್ಟಿಯ ಒಡೆಯರು ನಿಜಕ್ಕೂ ಯಾರು ಎಂಬ ಪ್ರಶ್ನೆ ಒಂದು ದಿನ ಎದ್ದಾಗ, ಅಮೆರಿಕದ ಅಧ್ಯಕ್ಷರ ಸಲಹೆಗಾರರೇ ಫೋನು ಎತ್ತಿಕೊಳ್ಳಬೇಕಾಯಿತು.

ಕಟ್ಟಡ, ಕೌಂಟರು, ನಮೂನೆ

ಅಂಕಿಗಳ ಪಟ್ಟಿಗೆ ಇಷ್ಟೇಕೆ ಮಹತ್ವ? ತಾಲ್ಲೂಕು ಕಚೇರಿಯೊಂದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಕಚೇರಿ ಯಾವ ಬೀದಿಯಲ್ಲಿದೆ ಎಂದು ಗೊತ್ತಿದ್ದರೆ ಕಟ್ಟಡದವರೆಗೆ ಹೋಗಬಹುದು. ಒಳಗೆ ಹೋದ ಮೇಲೆ ಪಹಣಿಗೆ ಒಂದು ಕೌಂಟರು, ಜಾತಿ ಪ್ರಮಾಣಪತ್ರಕ್ಕೆ ಇನ್ನೊಂದು. ಸರಿಯಾದ ಕೌಂಟರಿನ ಮುಂದೆ ನಿಂತರೂ ಗೊತ್ತಾದ ನಮೂನೆಯಲ್ಲಿ ಅರ್ಜಿ ಬರೆದುಕೊಡದಿದ್ದರೆ ಕೆಲಸವಾಗುವುದಿಲ್ಲ.

ಇಂಟರ್‌ನೆಟ್ಟಿನಲ್ಲಿಯೂ ಹಾಗೆಯೇ. ಕಟ್ಟಡದ ವಿಳಾಸಕ್ಕೆ ಐಪಿ ವಿಳಾಸ ಎನ್ನುತ್ತಾರೆ. 0ಯಿಂದ 255ರವರೆಗಿನ ನಾಲ್ಕು ಅಂಕಿಗಳನ್ನು ಚುಕ್ಕೆಯಿಟ್ಟು ಜೋಡಿಸಿದರೆ ಅದೊಂದು ವಿಳಾಸ. ಕೌಂಟರಿಗೆ ಪೋರ್ಟ್ ಎಂದು ಹೆಸರು. ಒಂದು ವಿಳಾಸದಲ್ಲಿ 0ಯಿಂದ 65,535ರವರೆಗೆ ಪೋರ್ಟ್‌ಗಳನ್ನು ಎಣಿಸಬಹುದು. ಕಂಪ್ಯೂಟರುಗಳು ಮಾತನಾಡಿಕೊಳ್ಳುವ ಗೊತ್ತಾದ ರೀತಿಯೇ ಪ್ರೋಟೊಕಾಲ್.

ಇ-ಮೇಲ್ ಹೊತ್ತು ತರುವ ಯಂತ್ರ 25ನೆಯ ಪೋರ್ಟಿನ ಬಾಗಿಲು ತಟ್ಟುತ್ತದೆ. ವೆಬ್ ಪುಟ ಬೇಕೆಂದವರು 80ಕ್ಕೆ ಹೋಗುತ್ತಾರೆ. ಗುಟ್ಟಾಗಿ ವ್ಯವಹರಿಸಬೇಕಾದ ಬ್ಯಾಂಕಿನಂಥ ಪುಟಗಳಿಗೆ 443. ಹೆಸರು ಹೇಳಿ ವಿಳಾಸ ಕೇಳುವವರು 53ಕ್ಕೆ. 25 ಎಂಬ ಅಂಕಿಗೂ ಪತ್ರಕ್ಕೂ ಯಾವ ಸಂಬಂಧವೂ ಇಲ್ಲ. ಎಲ್ಲರೂ ಒಪ್ಪಿಕೊಂಡಿದ್ದಾರೆ, ಅಷ್ಟೆ. ಆ ಒಪ್ಪಿಗೆ ಮುರಿದರೆ ಒಂದು ಯಂತ್ರ ಪತ್ರ ಹಿಡಿದು ಒಂದು ಬಾಗಿಲಲ್ಲಿ ನಿಂತಿರುತ್ತದೆ, ಇನ್ನೊಂದು ಬೇರೆ ಬಾಗಿಲಲ್ಲಿ ಕಾಯುತ್ತಿರುತ್ತದೆ. ಆದ್ದರಿಂದಲೇ ಇಡೀ ಜಗತ್ತಿಗೆ ಒಂದೇ ಪಟ್ಟಿ ಬೇಕು.

ವಿದ್ಯಾರ್ಥಿಗಳ ಕೆಲಸ

ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಹುಟ್ಟಿದ ಈ ಜಾಲದಲ್ಲಿ 1969ರ ಅಕ್ಟೋಬರ್ 29ರಂದು ಮೊದಲ ಸಂದೇಶ ಹೊರಟಿತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದವನ್ನು ಕಳಿಸಲು ಹೊರಟಾಗ ಮೊದಲ ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕೈಕೊಟ್ಟಿತು.

ಯಂತ್ರಗಳ ನಡುವಿನ ಮಾತಿನ ನಿಯಮಗಳನ್ನು ರೂಪಿಸುವ ಹೊಣೆ ಬಿದ್ದದ್ದು ವಿದ್ಯಾರ್ಥಿಗಳ ಮೇಲೆ. ಸ್ಟೀವ್ ಕ್ರಾಕರ್, ವಿಂಟ್ ಸರ್ಫ್, ಜಾನ್ ಪೋಸ್ಟೆಲ್ ಮೂವರೂ ಒಂದೇ ಪ್ರೌಢಶಾಲೆಯಲ್ಲಿ ಓದಿದವರು. ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಮೊದಲ ಟಿಪ್ಪಣಿ ಬರೆದರು. ಮನೆಯಲ್ಲಿದ್ದವರ ನಿದ್ದೆ ಕೆಡದಿರಲೆಂದು ರಾತ್ರಿ ಬಚ್ಚಲಮನೆಯಲ್ಲಿ ಕುಳಿತು ಬರೆದದ್ದದು. ಹಿರಿಯರಿಗೆ ಉದ್ಧಟತನವೆನಿಸಬಾರದೆಂದು ಅದನ್ನು ನಿಯಮ ಎನ್ನದೆ ‘ಅಭಿಪ್ರಾಯಕ್ಕಾಗಿ ಕೋರಿಕೆ’ ಎಂದು ಕರೆದರು. ಇಂಗ್ಲಿಷ್ ಮೊದಲಕ್ಷರಗಳಿಂದ ಆರ್‌ಎಫ್‌ಸಿ ಎನಿಸಿಕೊಂಡ ಈ ಟಿಪ್ಪಣಿಗಳೇ ಮುಂದೆ ಇಂಟರ್‌ನೆಟ್ಟಿನ ಸಂವಿಧಾನದಂತಾದವು. ಅವುಗಳ ಸಂಪಾದಕರಾದವರು ಪೋಸ್ಟೆಲ್.

1972ರ ಮೇ ತಿಂಗಳಲ್ಲಿ ಪೋಸ್ಟೆಲ್ 349ನೆಯ ಟಿಪ್ಪಣಿ ಬರೆದರು. ಪೋರ್ಟ್‌ಗಳ ಪೂರ್ವರೂಪವಾದ ಸಾಕೆಟ್ ಅಂಕಿಗಳನ್ನು ಪ್ರತಿಯೊಬ್ಬರೂ ಮನಸ್ಸಿಗೆ ಬಂದಂತೆ ಬಳಸಿದರೆ ಗೊಂದಲವಾಗುತ್ತದೆ. ಅವನ್ನು ಹಂಚಲು ಒಬ್ಬ ‘ಜಾರ್’ ಬೇಕು ಎಂಬುದು ಅವರ ಸೂಚನೆ. ಪಕ್ಕದಲ್ಲೇ ಕಂಸದಲ್ಲಿ, ಪ್ರಶ್ನಾರ್ಥಕ ಚಿಹ್ನೆಯೊಡನೆ, ‘ನಾನು?’ ಎಂದು ಸೇರಿಸಿದ್ದರು. ಅರ್ಧ ತಮಾಷೆಯ ಆ ಸಾಲನ್ನು ಯಾರೂ ವಿರೋಧಿಸಲಿಲ್ಲ. ಜಗತ್ತಿನ ದೊಡ್ಡ ಜವಾಬ್ದಾರಿಯೊಂದು ಹೀಗೆ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪಾಲಿಗೆ ಬಂತು.

1977ರಿಂದ ಪೋಸ್ಟೆಲ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅಲ್ಲಿ ಜಾಯ್ಸ್ ರೆನಾಲ್ಡ್ಸ್ ಎಂಬಾಕೆ ಅವರ ಜೊತೆಗೂಡಿದರು. ಇವರ ಪಟ್ಟಿ ಆಗಾಗ ಪ್ರಕಟವಾಗುತ್ತಿತ್ತು. ಈ ಕೆಲಸಕ್ಕೆ ‘ಅಯಾನಾ’ ಎಂಬ ಹೆಸರು ಬಿದ್ದದ್ದು 1980ರ ದಶಕದ ಕೊನೆಯಲ್ಲಿ. ಹೆಸರಿನಲ್ಲಿ ‘ಪ್ರಾಧಿಕಾರ’ ಎಂಬ ಗಂಭೀರ ಪದವಿತ್ತು. ಕಚೇರಿಯಲ್ಲಿದ್ದವರು ಬೆರಳೆಣಿಕೆಯ ಮಂದಿ.

22ನೆಯ ಬಾಗಿಲು

ಈ ಶಾನುಭೋಗಿಕೆ ನಡೆಯುತ್ತಿದ್ದ ಬಗೆಗೆ ಫಿನ್ಲೆಂಡಿನ ಪ್ರಸಂಗವೊಂದು ಒಳ್ಳೆಯ ಉದಾಹರಣೆ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳ್ಳತನವಾಯಿತು. ದೂರದ ಕಂಪ್ಯೂಟರಿಗೆ ಪ್ರವೇಶಿಸಲು ಆಗ ಬಳಕೆಯಲ್ಲಿದ್ದ ಟೆಲ್‌ನೆಟ್ ಪಾಸ್‌ವರ್ಡನ್ನು ತೆರೆದ ಅಂಚೆ ಕಾರ್ಡಿನಂತೆ ಕಳಿಸುತ್ತಿತ್ತು. ದಾರಿಯಲ್ಲಿ ಕುಳಿತವರು ಓದಿಕೊಂಡರು.

ಅಲ್ಲಿನ ಸಂಶೋಧಕ ತಾತು ಊಲೊನೆನ್ ಇದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಎಂಬ ಭದ್ರವಾದ ವಿಧಾನವನ್ನು ರೂಪಿಸಿದರು. ಅದಕ್ಕೊಂದು ಪೋರ್ಟ್ ಬೇಕಿತ್ತು. ಟೆಲ್‌ನೆಟ್ ಇದ್ದದ್ದು 23ರಲ್ಲಿ, ಕಡತಗಳನ್ನು ಸಾಗಿಸುವ ಎಫ್‌ಟಿಪಿ 21ರಲ್ಲಿ. ನಡುವಿನ 22 ಖಾಲಿ ಇತ್ತು. ಜುಲೈನಲ್ಲಿ ಅವರು ಅಯಾನಾಕ್ಕೆ ಇ-ಮೇಲ್ ಬರೆದು ಆ ಅಂಕಿಯನ್ನು ಕೇಳಿದರು. ಮರುದಿನವೇ ಜಾಯ್ಸ್ ರೆನಾಲ್ಡ್ಸ್ ಅವರಿಂದ ಉತ್ತರ ಬಂತು: 22 ನಿಮ್ಮದು. ಶುಲ್ಕವಿಲ್ಲ, ಶಿಫಾರಸ್ಸಿಲ್ಲ. ಇಂದಿಗೂ ಜಗತ್ತಿನ ಜಾಲ ನಿರ್ವಾಹಕರು ತಮ್ಮ ಸರ್ವರುಗಳನ್ನು ಸೇರುವುದು ಬಹುಮಟ್ಟಿಗೆ ಇದೇ ಬಾಗಿಲಿನಿಂದ. ವೆಬ್ ಜನಕ ಟಿಮ್ ಬರ್ನರ್ಸ್-ಲೀ ಅವರಿಗೆ 1992ರಲ್ಲಿ 80ನೆಯ ಅಂಕಿ ಸಿಕ್ಕಿದ್ದೂ ಇದೇ ಪಟ್ಟಿಯಲ್ಲಿ.

ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಮನುಷ್ಯರಿಗೆ ಕಷ್ಟ. 1983ರಲ್ಲಿ ಪಾಲ್ ಮಾಕಪೆಟ್ರಿಸ್ ರೂಪಿಸಿದ ಡೊಮೈನ್ ಪದ್ಧತಿ ಹೆಸರು ಹೇಳಿದರೆ ಅಂಕಿ ಹುಡುಕಿಕೊಡುವ ಏರ್ಪಾಡು. ಇದರಲ್ಲಿ ದೇಶಗಳಿಗೆ ಎರಡಕ್ಷರದ ಹೆಸರು ಕೊಡುವ ಕೆಲಸವೂ ಪೋಸ್ಟೆಲ್ ಪಾಲಿಗೆ ಬಂತು. ಯಾವುದು ದೇಶ, ಯಾವುದಲ್ಲ? ಯುದ್ಧಗಳೇ ನಡೆದಿರುವ ಪ್ರಶ್ನೆಯಿದು. ಪೋಸ್ಟೆಲ್ ಜಾಣತನದಿಂದ ತಪ್ಪಿಸಿಕೊಂಡರು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಇರುವುದೇ ದೇಶ, ಅದನ್ನು ತೀರ್ಮಾನಿಸುವುದು ತಮ್ಮ ಕೆಲಸವಲ್ಲ ಎಂದರು. ಭಾರತಕ್ಕೆ ‘ಡಾಟ್ ಇನ್’ ದೊರೆತದ್ದು 1989ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮತ್ತಿತರ ಸಂಸ್ಥೆಗಳನ್ನು ಜೋಡಿಸುವ ಅರ್ನೆಟ್ ಜಾಲದ ಕೆಲಸ 1986ರಲ್ಲೇ ಆರಂಭವಾಗಿತ್ತು. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು ಮಾತ್ರ 1995ರ ಆಗಸ್ಟ್ 15ರಂದು.

ಇಂಥ ಹೆಸರುಗಳನ್ನು ನೋಡಿಕೊಳ್ಳುವವರು ಒಡೆಯರಲ್ಲ, ಧರ್ಮದರ್ಶಿಗಳು. ಹಕ್ಕಿನ ಮಾತಿಗಿಂತ ಹೊಣೆ ಮತ್ತು ಸೇವೆಯ ಮಾತು ಮುಖ್ಯ ಎಂಬ ತತ್ತ್ವವನ್ನು ಪೋಸ್ಟೆಲ್ 1994ರಲ್ಲಿ ಬರೆದಿಟ್ಟರು.

ಜನವರಿ 28ರ ಇ-ಮೇಲ್

ಆದರೆ ಅಷ್ಟರಲ್ಲಿ ಹಣ ಬಂದಿತ್ತು. ಅಮೆರಿಕ ಸರ್ಕಾರದ ಗುತ್ತಿಗೆಯಲ್ಲಿ ಡೊಮೈನ್ ಹೆಸರುಗಳನ್ನು ನೋಂದಾಯಿಸುತ್ತಿದ್ದ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಖಾಸಗಿ ಕಂಪೆನಿ, 1995ರ ಸೆಪ್ಟೆಂಬರಿನಿಂದ ಹೆಸರೊಂದಕ್ಕೆ ವರ್ಷಕ್ಕೆ 50 ಡಾಲರ್ ಶುಲ್ಕ ವಿಧಿಸತೊಡಗಿತು. ಅದುವರೆಗೆ ಪುಕ್ಕಟೆ ಸಿಗುತ್ತಿದ್ದ ಹೆಸರು ಆಸ್ತಿಯಾಯಿತು. ಇಡೀ ವ್ಯವಸ್ಥೆ ಯಾರ ಕೈಗೆ ಸೇರಬೇಕೆಂಬ ಜಗ್ಗಾಟ ಶುರುವಾಯಿತು.

ಜಗತ್ತಿನ ಹೆಸರುಗಳೆಲ್ಲದರ ಮೊದಲ ಪುಟವೆನ್ನಬಹುದಾದ ಪಟ್ಟಿ 13 ಮೂಲ ಸರ್ವರುಗಳಲ್ಲಿರುತ್ತದೆ. ಉಳಿದ ಹನ್ನೆರಡು ಆ ಪಟ್ಟಿಯನ್ನು ನಕಲು ಮಾಡಿಕೊಳ್ಳುತ್ತಿದ್ದುದು ನೆಟ್‌ವರ್ಕ್ ಸಲ್ಯೂಷನ್ಸ್ ಬಳಿಯಿದ್ದ ಸರ್ವರಿನಿಂದ. 1998ರ ಜನವರಿ 28ರಂದು ಪೋಸ್ಟೆಲ್ ಆ ಹನ್ನೆರಡರ ಪೈಕಿ ಎಂಟರ ನಿರ್ವಾಹಕರಿಗೆ ಇ-ಮೇಲ್ ಕಳಿಸಿದರು. ಇನ್ನು ಮುಂದೆ ಪಟ್ಟಿಯನ್ನು ಅಯಾನಾದ ಯಂತ್ರದಿಂದ ತೆಗೆದುಕೊಳ್ಳಿ ಎಂಬುದು ಅದರ ಸಾರ. ಎಂಟೂ ಮಂದಿ ಹಾಗೆಯೇ ಮಾಡಿದರು. ಕ್ಲಿಂಟನ್ ಸಹಿ ಹಾಕಿದ ಆದೇಶವನ್ನು ಯಾರೂ ಕೇಳಲಿಲ್ಲ. ಪೋಸ್ಟೆಲ್ ಹೇಳಿದ್ದೇ ಸಾಕಾಯಿತು.

ಬಳಕೆದಾರರಿಗೆ ಏನೂ ಗೊತ್ತಾಗಲಿಲ್ಲ. ಎರಡೂ ಕಡೆಯ ಪಟ್ಟಿ ಒಂದೇ ಆಗಿತ್ತು. ಪತ್ರಗಳು ತಲುಪಿದವು, ಪುಟಗಳು ತೆರೆದುಕೊಂಡವು. ಆದರೆ ವಾಷಿಂಗ್ಟನ್ ಬೆಚ್ಚಿತು. ಇಂಟರ್‌ನೆಟ್ ನೀತಿಯನ್ನು ನೋಡಿಕೊಳ್ಳುತ್ತಿದ್ದ ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜೀನರ್ ಫೋನಿನಲ್ಲಿ ಪೋಸ್ಟೆಲ್ ಅವರೊಡನೆ ಮಾತನಾಡಿ, ಎಲ್ಲವೂ ಮೊದಲಿನಂತಾಗಬೇಕು ಎಂದರು. ಇದೊಂದು ಪರೀಕ್ಷೆ ಮಾತ್ರವಾಗಿತ್ತು ಎಂದು ಹೇಳಿದ ಪೋಸ್ಟೆಲ್ ಒಂದು ವಾರದೊಳಗೆ ಸರ್ವರುಗಳನ್ನು ಮೊದಲಿನ ಸ್ಥಿತಿಗೆ ತಂದರು.

ಅದನ್ನು ಪರೀಕ್ಷೆ ಎನ್ನಿ, ಪ್ರತಿಭಟನೆ ಎನ್ನಿ, ಎರಡು ಸಂಗತಿಗಳು ಸ್ಪಷ್ಟವಾದವು. ಜಾಲವನ್ನು ನಡೆಸುವವರು ಸರ್ಕಾರಕ್ಕಿಂತ ಒಬ್ಬ ಮನುಷ್ಯನನ್ನು ಹೆಚ್ಚು ನಂಬಿದ್ದರು. ಇಡೀ ಜಗತ್ತಿನ ವ್ಯವಹಾರ ಹಾಗೆ ಒಬ್ಬ ಮನುಷ್ಯನ ಮೇಲೆ ನಿಂತಿರುವುದು, ಆತ ಎಷ್ಟೇ ಒಳ್ಳೆಯವನಾಗಿರಲಿ, ಕ್ಷೇಮವಲ್ಲ. ಪೋಸ್ಟೆಲ್ ಅವರಿಗೂ ಇದು ತಿಳಿದಿತ್ತು. ತಮ್ಮ ಕೆಲಸವನ್ನು ಒಪ್ಪಿಸಲು ಹೊಸ ಸಂಸ್ಥೆಯೊಂದನ್ನು ಕಟ್ಟುವುದರಲ್ಲಿಯೇ ಆ ವರ್ಷವನ್ನು ಕಳೆದರು. ಐಕ್ಯಾನ್ ಎಂಬ ಆ ಸಂಸ್ಥೆ 1998ರ ಸೆಪ್ಟೆಂಬರ್ 30ರಂದು ಸ್ಥಾಪನೆಯಾಯಿತು. ಹದಿನಾರು ದಿನಗಳ ನಂತರ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ತೊಡಕುಗಳಿಂದ ಪೋಸ್ಟೆಲ್ ತೀರಿಕೊಂಡರು. ಅವರಿಗೆ 55 ವರ್ಷ. ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ, ಪೋಸ್ಟೆಲ್ ಜೀವನವಿಡೀ ಸಂಪಾದಿಸಿದ ಆ ಟಿಪ್ಪಣಿಗಳ ಸಾಲಿನಲ್ಲಿಯೇ 2468ನೆಯದಾಗಿ ಪ್ರಕಟವಾಯಿತು.

ಮುಗಿದುಹೋದ ಅಂಕಿಗಳು

ಪಟ್ಟಿ ಕೈ ಬದಲಾಯಿಸಿತು, ಆದರೆ ಪಟ್ಟಿಯಲ್ಲೇ ಒಂದು ತೊಡಕಿತ್ತು. 1970ರ ದಶಕದ ಕೊನೆಯಲ್ಲಿ ಐಪಿ ವಿಳಾಸ ಎಷ್ಟು ಉದ್ದವಿರಬೇಕೆಂಬ ಚರ್ಚೆ ನಡೆದು, ಕೊನೆಗೆ ಸರ್ಫ್ 32 ಬಿಟ್ ಸಾಕೆಂದು ತೀರ್ಮಾನಿಸಿದ್ದರು. ಅಂದರೆ ಸುಮಾರು 429 ಕೋಟಿ ವಿಳಾಸಗಳು, ಆಗಿನ ಪ್ರಪಂಚದ ಜನಸಂಖ್ಯೆಗೆ ಹೆಚ್ಚುಕಡಿಮೆ ಸಮ. ಪ್ರಯೋಗವೊಂದಕ್ಕೆ ಇದು ಧಾರಾಳವಾಯಿತೆಂದೇ ಎಲ್ಲರೂ ಭಾವಿಸಿದ್ದರು. ಪ್ರಯೋಗವೇ ಪ್ರಪಂಚವಾಗಿಬಿಡುತ್ತದೆಂದು ಯಾರೂ ಎಣಿಸಿರಲಿಲ್ಲ.

ಧಾರಾಳ ಹಂಚಿಕೆಯಲ್ಲೂ ಇತ್ತು. ಎಂಐಟಿ, ಐಬಿಎಂ, ಆ್ಯಪಲ್, ಫೋರ್ಡ್ ಸಂಸ್ಥೆಗಳಿಗೆ ತಲಾ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು ಸಿಕ್ಕಿದ್ದವು. ತಡವಾಗಿ ಬಂದ ದೇಶಗಳಿಗೆ ಉಳಿದದ್ದರಲ್ಲಿ ಪಾಲು. 2011ರ ಫೆಬ್ರುವರಿ 3ರಂದು ಅಯಾನಾ ತನ್ನಲ್ಲಿದ್ದ ಕೊನೆಯ ಐದು ಕಂತೆಗಳನ್ನು ಜಗತ್ತಿನ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಒಂದೊಂದರಂತೆ ಕೊಟ್ಟು ಕೈ ಕೊಡವಿಕೊಂಡಿತು. ಅದೇ ವರ್ಷ, ದಿವಾಳಿಯಾಗಿದ್ದ ನಾರ್ಟೆಲ್ ಕಂಪೆನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಒಂದು ಇ-ಮೇಲಿಗೆ ಪುಕ್ಕಟೆ ಸಿಗುತ್ತಿದ್ದ ಅಂಕಿಗೆ 11 ಡಾಲರ್ ಮೀರಿದ ಬೆಲೆ ಬಂತು.

ಕೊರತೆಗೆ ಎರಡು ಮದ್ದುಗಳಿವೆ. ಕಚೇರಿಯ ಒಂದೇ ಫೋನ್ ನಂಬರಿನ ಹಿಂದೆ ಹತ್ತಾರು ಎಕ್ಸ್‌ಟೆನ್ಷನ್‌ಗಳಿರುವಂತೆ ಒಂದೇ ವಿಳಾಸವನ್ನು ಹಲವು ಯಂತ್ರಗಳು ಹಂಚಿಕೊಳ್ಳುವುದು ಮೊದಲನೆಯದು. ಯಾವ ಉತ್ತರ ಯಾವ ಯಂತ್ರಕ್ಕೆ ಎಂದು ಗುರುತಿಸಲು ಇಲ್ಲಿ ಬಳಕೆಯಾಗುವುದು ಪೋರ್ಟ್ ಅಂಕಿಗಳೇ. ಮೊಬೈಲ್ ಕಂಪೆನಿಗಳು ಹೀಗೆ ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಕೊಡುವುದುಂಟು. ಅಪರಾಧವೊಂದರ ಜಾಡು ಹಿಡಿದು ಹೊರಟವರ ಕೈಯಲ್ಲಿ ಐಪಿ ವಿಳಾಸ ಮಾತ್ರವಿದ್ದು ಪೋರ್ಟ್ ಅಂಕಿಯೂ ಹೊತ್ತೂ ಇಲ್ಲದಿದ್ದರೆ, ಅದೇ ವಿಳಾಸದ ಹಿಂದಿರುವ ನಿರಪರಾಧಿಯ ಮೇಲೂ ಸಂಶಯ ಬೀಳಬಹುದು.

ಎರಡನೆಯ ಮದ್ದು ಹೊಸ ವಿಳಾಸ ಪದ್ಧತಿ. 1995ರಲ್ಲೇ ಪ್ರಕಟವಾದ ಐಪಿ ಆರನೆಯ ಆವೃತ್ತಿಯಲ್ಲಿ ವಿಳಾಸಕ್ಕೆ 128 ಬಿಟ್ ಉದ್ದ. ಒಟ್ಟು ವಿಳಾಸಗಳ ಲೆಕ್ಕ ಬರೆಯಲು 39 ಅಂಕಿಗಳು ಬೇಕು. ಹಳೆಯದಕ್ಕೂ ಹೊಸದಕ್ಕೂ ನೇರವಾಗಿ ಮಾತು ಹೊಂದದ ಕಾರಣ ಬದಲಾವಣೆ ದಶಕಗಳಷ್ಟು ನಿಧಾನವಾಯಿತು. ತಡವಾಗಿ ಬಂದ ಭಾರತಕ್ಕೆ ಹಳೆಯ ಅಂಕಿಗಳ ಆಸ್ತಿ ಇರಲಿಲ್ಲ. 2016ರ ನಂತರ ಮೊಬೈಲ್ ಇಂಟರ್‌ನೆಟ್ ಮನೆಮನೆಗೆ ಬಂದಾಗ ಅದು ಹೊಸ ಪದ್ಧತಿಗೇ ನೆಗೆಯಿತು. ಇಂದು ಇಲ್ಲಿನ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಲಭ್ಯವಿದೆ.

2016ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಈ ಪಟ್ಟಿಯ ಮೇಲಿನ ತನ್ನ ಉಸ್ತುವಾರಿಯನ್ನೂ ಬಿಟ್ಟುಕೊಟ್ಟಿತು. ಕರ್ನಾಟಕದಲ್ಲಿ ಶಾನುಭೋಗಿಕೆ ಹೋಗಿ ಗ್ರಾಮ ಲೆಕ್ಕಿಗರು ಬಂದಂತೆ, ಇಂಟರ್‌ನೆಟ್ಟಿನಲ್ಲಿಯೂ ವ್ಯಕ್ತಿಯ ಜಾಗಕ್ಕೆ ಸಮಿತಿಗಳು, ನಿಯಮಗಳು, ಸಭೆಗಳು ಬಂದಿವೆ. ಆದರೆ ಪಟ್ಟಿ ಅದೇ. 25ರಲ್ಲಿ ಪತ್ರ, 53ರಲ್ಲಿ ಹೆಸರು, 22ರಲ್ಲಿ ಬೀಗವಿರುವ ಬಾಗಿಲು. ಅದನ್ನು ಪಾಲಿಸಲೇಬೇಕೆನ್ನುವ ಪೊಲೀಸರು ಇಂದಿಗೂ ಇಲ್ಲ. ಕಡತದಲ್ಲಿ ಬರೆದದ್ದನ್ನು ಊರು ಒಪ್ಪಿಕೊಂಡಿದೆ, ಅಷ್ಟೆ.