ಬುಕಿಟ್ ಚಂದು: ಒಂದು ‘ಪ್ರಯೋಗ’ದ ಫಲ

ಸಿಂಗಪುರದ ಪತನವನ್ನು ನಮ್ಮ ತರಗತಿಗಳಲ್ಲಿ ಬೋಧಿಸುವ ಕ್ರಮವೊಂದುಂಟು. 1942ರ ಫೆಬ್ರವರಿ 15ರಂದು ಸೇನಾಧಿಪತಿ ಪರ್ಸಿವಲ್ ಜಪಾನೀಯರಿಗೆ ಶರಣಾದನೆಂದು ಹೇಳಿ, ಒಡನೆಯೇ ಆಜಾದ್ ಹಿಂದ್ ಫೌಜಿನ ವೃತ್ತಾಂತಕ್ಕೆ ಹಾಯುತ್ತೇವೆ. ನಾನೂ ಹಾಗೆಯೇ ಬೋಧಿಸುತ್ತಿದ್ದೆನು. ಆ ನಗರದ ಪಾಸಿರ್ ಪಂಜಾಂಗ್ ಗುಡ್ಡಸಾಲಿನ ಮೇಲಿರುವ ಸಣ್ಣದೊಂದು ಯುದ್ಧ ವಸ್ತುಸಂಗ್ರಹಾಲಯವನ್ನು ಈಚೆಗೆ ನೋಡಿದ ಬಳಿಕ ಈ ಕ್ರಮದಲ್ಲಿ ಲೋಪವಿದೆಯೆಂದು ಮನಗಂಡೆನು.

ವಸಾಹತುಕಾಲದ ಬಂಗಲೆಯೊಂದರಲ್ಲಿ 2002ರಲ್ಲಿ ತೆರೆದ ಸಂಗ್ರಹಾಲಯವಿದು. ಗುಡ್ಡದ ಹೆಸರು ಬುಕಿಟ್ ಚಂದು. ‘ಚಂದು’ ಎಂದರೆ ಸೇದಲು ಹದಗೊಳಿಸಿದ ಅಫೀಮು. ಅದರ ಸರಕಾರಿ ಕಾರ್ಖಾನೆ ತಪ್ಪಲಿನಲ್ಲಿತ್ತು. (ಸಿಂಗಪುರಕ್ಕೆ ಅಫೀಮು ಬಹುಕಾಲ ಹೋದುದು ನಮ್ಮ ದೇಶದಿಂದಲೇ.)

ಇಲ್ಲಿ ಹೋರಾಡಿದವರು ಮಲಾಯ್ ರೆಜಿಮೆಂಟಿನವರು. 1933ರ ಮಾರ್ಚ್ 1ರಂದು ಪೋರ್ಟ್ ಡಿಕ್ಸನ್ನಿನಲ್ಲಿ 25 ಮಂದಿಯಿಂದ ಆರಂಭವಾದ ಈ ಪಡೆಗೆ ಮೊದಲು ಇಟ್ಟ ಹೆಸರೇ ‘ಪ್ರಾಯೋಗಿಕ ಕಂಪನಿ’. ಮಲಾಯರು ಸೈನಿಕ ಶಿಸ್ತಿಗೆ ಒಗ್ಗುವರೇ ಎಂಬ ಸಂದೇಹ ಆಳುವವರಿಗೆ ಇದ್ದಿತು.

1942ರ ಫೆಬ್ರವರಿ 13ರಂದು ಮುಟಾಗುಚಿಯ 18ನೆಯ ಡಿವಿಜನ್ನು ಈ ಗುಡ್ಡಸಾಲಿನ ಮೇಲೆ ಬಿದ್ದಿತು. ಆ ರಾತ್ರಿ ಮಲಾಯರ ‘ಸಿ’ ಕಂಪನಿ ಬುಕಿಟ್ ಚಂದುವಿಗೆ ಸರಿದು ನೆಲೆಯೂರಿತು. ಬೆನ್ನ ಹಿಂದೆ ನಾರ್ಮಂಟನ್ನಿನ ತೈಲಾಗಾರದಿಂದ ಹರಿದ ಎಣ್ಣೆ ಕಾಲುವೆಯಲ್ಲಿ ಉರಿಯುತ್ತಿದ್ದುದರಿಂದ ಹಿಮ್ಮೆಟ್ಟುವ ದಾರಿಯೂ ಉಳಿದಿರಲಿಲ್ಲ. ಮರುದಿನ ಪಂಜಾಬಿ ಸಿಪಾಯಿಗಳಂತೆ ಮುಂಡಾಸು ಸುತ್ತಿದ ತುಕಡಿಯೊಂದು ಗುಡ್ಡವೇರಿ ಬಂದಿತೆಂದೂ, ಅವರು ಬ್ರಿಟಿಷ್ ಪದ್ಧತಿಯಂತೆ ಮೂವರ ಸಾಲಿನಲ್ಲಿರದೆ ನಾಲ್ವರ ಸಾಲಿನಲ್ಲಿ ನಡೆದು ಬಂದುದರಿಂದ ಲೆಫ್ಟಿನೆಂಟ್ ಅದ್ನಾನ್ ಸೈದಿ ಕಪಟವನ್ನು ಅರಿತು ಗುಂಡಿನ ಮಳೆಗರೆಯಿಸಿದನೆಂದೂ ಹೇಳುತ್ತಾರೆ. ಅನಂತರ ನಡೆದುದು ಕೈಕೈ ಮಿಲಾಯಿಸಿದ ಕಾಳಗ. ಅಲ್ಲಿ ಅದ್ನಾನ್ ಮಡಿದನು. ಸೈನ್ಯ ಸೇರುವ ಮೊದಲು ಈತ ಶಾಲೆಯ ಉಪಾಧ್ಯಾಯನಾಗಿದ್ದನು. ಇವನ ಮರಣದ ವಿವರಗಳು ಹೇಳಿಕೆಯಿಂದ ಹೇಳಿಕೆಗೆ ಬೇರೆಯಾಗುವುದರಿಂದ ಅವನ್ನು ಇಲ್ಲಿ ಉದ್ಧರಿಸಿಲ್ಲ.

ಮುಂಡಾಸಿನ ಕಥೆ ಸ್ವಾರಸ್ಯವುಳ್ಳದ್ದು. ಪ್ರೇಕ್ಷಕರು ಹೆಚ್ಚು ಹೊತ್ತು ನಿಲ್ಲುವುದೂ ಅದರ ಮುಂದೆಯೇ. ಆದರೆ ಒಬ್ಬ ವೀರನ ಚಾತುರ್ಯದಲ್ಲಿ ಇಡೀ ಪಡೆಯ ನೆನಪನ್ನು ಅಡಗಿಸಿಬಿಡುವುದು ಇತಿಹಾಸದ ವಿದ್ಯಾರ್ಥಿಗೆ ಒಪ್ಪತಕ್ಕುದಲ್ಲ. ಸಿಂಗಪುರದ ರಕ್ಷಣೆಯಲ್ಲಿ ಮಡಿದ ಈ ರೆಜಿಮೆಂಟಿನ 159 ಮಂದಿಯಲ್ಲಿ 146 ಮಂದಿ ಅಧಿಕಾರಪದವಿಯಿಲ್ಲದ ಸಾಮಾನ್ಯರು. ಶರಣಾಗತಿಯೊಂದಿಗೆ ಇವರ ಕಥೆ ಮುಗಿಯಲೂ ಇಲ್ಲ. ಜಪಾನೀಯರ ಪಕ್ಷಕ್ಕೆ ಸೇರಲು ಒಪ್ಪದ ಹಲವು ಮಲಾಯ್ ಅಧಿಕಾರಿಗಳನ್ನು ಅದೇ ತಿಂಗಳ ಕೊನೆಯಲ್ಲಿ ಕೊಲ್ಲಲಾಯಿತು. ಅವರಲ್ಲಿ ರಾಜಾ ಅಮಾನ್ ಷಾ ಒಬ್ಬನು. ಈ ಪಡೆಯನ್ನು ‘ಪ್ರಾಯೋಗಿಕ’ವೆಂದು ಕರೆದು ಆಗ ಒಂಬತ್ತು ವರ್ಷವೂ ತುಂಬಿರಲಿಲ್ಲ.