ಜೀತದಿಂದ ಮುಂಗಡದವರೆಗೆ: ಕೈತೋಟದ ಇಟ್ಟಿಗೆಯ ಹಿಂದಿನ ಇತಿಹಾಸ

ಪುಣೆಯಲ್ಲಿ ನಾವು ಮೂವರು ಗೆಳತಿಯರು ಸಾಫ್ಟ್‌ವೇರ್ ಕೆಲಸದ ಜೊತೆಗೆ ತಾರಸಿ ತೋಟಗಳನ್ನು ಮಾಡಿಕೊಡುವ ಸಣ್ಣ ಉದ್ಯಮವೊಂದನ್ನು ನಡೆಸುತ್ತೇವೆ. ಬ್ರಿಟನ್ ಮೂಲದ ಗ್ರಾಹಕ ಸಂಸ್ಥೆಯೊಂದು ಕಳಿಸಿದ ನಮೂನೆಯಲ್ಲಿ ಹೀಗೊಂದು ಪ್ರಶ್ನೆಯಿತ್ತು: ನಿಮ್ಮಲ್ಲಿ ಮತ್ತು ನಿಮ್ಮ ಪೂರೈಕೆದಾರರಲ್ಲಿ ಆಧುನಿಕ ಗುಲಾಮಗಿರಿ ಇಲ್ಲವೆಂದು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ? ಬ್ರಿಟನ್ನಿನ 2015ರ ಕಾಯ್ದೆಯ ಪ್ರಕಾರ, ವರ್ಷಕ್ಕೆ 3.6 ಕೋಟಿ ಪೌಂಡ್ ಮೇಲ್ಪಟ್ಟು ವಹಿವಾಟಿರುವ ಕಂಪನಿಗಳು ಈ ಬಗ್ಗೆ ಪ್ರತಿವರ್ಷ ಹೇಳಿಕೆ ಪ್ರಕಟಿಸಬೇಕು. ಹಾಗಾಗಿ ಅವು ನಮ್ಮಂಥ ಚಿಕ್ಕವರನ್ನೂ ಕೇಳುತ್ತವೆ.

ಪ್ರಶ್ನೆ ವಿದೇಶದಿಂದ ಬಂದಿರಬಹುದು, ಆದರೆ ವಿಷಯ ನಮಗೆ ಹೊಸದಲ್ಲ. ಅದಕ್ಕೆ ಕನ್ನಡದಲ್ಲೇ ಹಳೆಯ ಪದವಿದೆ: ಜೀತ.

ನಮ್ಮ ಹಳ್ಳಿಗಳಲ್ಲಿ ಜೀತಕ್ಕೆ ಸರಪಳಿ ಬೇಕಿರಲಿಲ್ಲ. ಮದುವೆಗೋ ಕಾಯಿಲೆಗೋ ಪಡೆದ ಸಣ್ಣ ಸಾಲ ಸಾಕಿತ್ತು. ಸಾಲ ಗಂಡನ ಹೆಸರಿನಲ್ಲಿ, ದುಡಿಮೆ ಇಡೀ ಮನೆಯದು. ಆತ ಹೊಲಕ್ಕೆ ಹೋದರೆ ಹೆಂಡತಿ ಒಡೆಯರ ಕೊಟ್ಟಿಗೆ ಬಳಿಯುತ್ತಿದ್ದಳು, ಮಕ್ಕಳು ದನ ಕಾಯುತ್ತಿದ್ದರು. ಬಹುಪಾಲು ಜೀತಗಾರರು ದಲಿತರು ಮತ್ತು ಆದಿವಾಸಿಗಳು.

ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತ್ತು. ಆದರೂ ಅದಕ್ಕೆ ಕಾನೂನಿನ ಹಲ್ಲು ಬಂದದ್ದು 1975ರ ಅಕ್ಟೋಬರ್‌ನಲ್ಲಿ, ತುರ್ತುಪರಿಸ್ಥಿತಿಯ ಕಾಲದ ಸುಗ್ರೀವಾಜ್ಞೆಯಿಂದ. 1976ರಲ್ಲಿ ಅದೇ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಾಯಿತು. ದೇಶದ ಬೇರೆ ಬೇರೆ ಕಡೆಯ ಸುಮಾರು ಮೂವತ್ತು ಪದ್ಧತಿಗಳ ಹೆಸರು ಅದರಲ್ಲಿವೆ. ನಮ್ಮ ‘ಜೀತ’ವೂ ಅಲ್ಲಿದೆ. ಕಾಯ್ದೆ ಜನರನ್ನು ಬಿಡಿಸಿದ್ದಷ್ಟೇ ಅಲ್ಲ, ಅವರನ್ನು ಕಟ್ಟಿಹಾಕಿದ್ದ ಸಾಲವನ್ನೇ ರದ್ದು ಮಾಡಿತು. ಸಾಲ ಉಳಿದರೆ ಬಿಡುಗಡೆಯಾದವನು ಮರುದಿನವೇ ಅದೇ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ.

ಮುಂದಿನ ಹೆಜ್ಜೆ ಇಟ್ಟದ್ದು ಸುಪ್ರೀಂ ಕೋರ್ಟ್. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಅದು ತೀರ್ಪಿತ್ತಿತು. 1983ರ ಡಿಸೆಂಬರ್‌ನಲ್ಲಿ ಫರೀದಾಬಾದ್‌ನ ಕಲ್ಲು ಕ್ವಾರಿಗಳ ಪ್ರಕರಣ ಬಂತು. ಬಂಧುವಾ ಮುಕ್ತಿ ಮೋರ್ಚಾ ಬರೆದ ಪತ್ರವನ್ನೇ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿತ್ತು. ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆ ಎಂದೇ ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು. ಓದಲು ಬಾರದ ಕೂಲಿಯವರು ಸಾಲದ ಕಾಗದವನ್ನು ಎಲ್ಲಿಂದ ತರಬೇಕಿತ್ತು?

ಕಾಗದದ ಮೇಲಿನ ಕಾಯ್ದೆಯನ್ನು ನೆಲಕ್ಕಿಳಿಸಿದವರು ಸಂಘಟಕರು. ಮುಂಬೈ ಪಕ್ಕದ ವಸಯಿಯಲ್ಲಿ ವಿದ್ಯುಲ್ಲತಾ ಮತ್ತು ವಿವೇಕ್ ಪಂಡಿತ್ ದಂಪತಿ 1980ರ ದಶಕದಲ್ಲಿ ಶ್ರಮಜೀವಿ ಸಂಘಟನೆಯ ಮೂಲಕ ಆದಿವಾಸಿ ಜೀತಗಾರರ ಬಿಡುಗಡೆಗೆ ಹೋರಾಡಿದರು. ಅಲ್ಲಿಯೂ ಎಷ್ಟೋ ಮಂದಿಯನ್ನು ಕಟ್ಟಿಹಾಕಿದ್ದು ಮದುವೆಯ ಸಾಲವೇ. ಕರ್ನಾಟಕದಲ್ಲಿ ‘ಜೀವಿಕ’, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಇದೇ ಕೆಲಸ ಮಾಡಿಕೊಂಡು ಬಂದಿದೆ.

ಈಗ ಜೀತಕ್ಕೆ ಬೇರೆ ಹೆಸರುಗಳೂ ಇವೆ. ಕನ್ನಡದಲ್ಲಿ ‘ಮುಂಗಡ’, ಮರಾಠಿಯಲ್ಲಿ ‘ಉಚಲ್’, ಉತ್ತರದಲ್ಲಿ ‘ಪೇಶ್ಗಿ’ ಎನ್ನುತ್ತಾರೆ. ಇಟ್ಟಿಗೆ ಭಟ್ಟಿಗಳಲ್ಲಿ ಹಂಗಾಮಿಗೆ ಮುಂಚೆಯೇ ಕುಟುಂಬಕ್ಕೆ ಮುಂಗಡ ಕೊಡುವುದುಂಟು. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂಬ ಲೆಕ್ಕ. ಮಣ್ಣು ಕಲಸುವವಳು, ಇಟ್ಟಿಗೆ ಮಗುಚುವವಳು ಹೆಂಗಸು. ಲೆಕ್ಕ ಮಾತ್ರ ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿ. ಕೊಟ್ಟಿಗೆ ಬಳಿದವಳ ಕಥೆಯೇ ಇಲ್ಲಿ ಮುಂದುವರಿದಿದೆ. ನಮ್ಮ ಪಾತಿಯ ಅಂಚಿಗೆ ಬರುವುದು ಇಂಥ ಇಟ್ಟಿಗೆಯೂ ಆಗಿರಬಹುದು. ರಾಜಸ್ಥಾನದ ಬೂಂದಿ ಸೀಮೆಯ ಮರಳುಗಲ್ಲು ಬ್ರಿಟನ್ನಿನ ತೋಟಗಳವರೆಗೂ ಹೋಗುತ್ತದೆ. ಅಲ್ಲಿ ಮಕ್ಕಳು ಕಲ್ಲು ಕೆತ್ತುತ್ತಿದ್ದುದು ದಾಖಲಾಗಿದೆ.

ಮುಂಗಡ ಪಡೆಯುವುದು ತಪ್ಪಲ್ಲ, ನಾವೂ ಬ್ಯಾಂಕಿನಲ್ಲಿ ಸಾಲ ಪಡೆಯುತ್ತೇವೆ. ಆದರೆ ನಮ್ಮ ಸಾಲ ನಮ್ಮನ್ನು ಒಂದೇ ಆಫೀಸಿಗೆ ಕಟ್ಟಿಹಾಕುವುದಿಲ್ಲ. ವ್ಯತ್ಯಾಸ ಅಲ್ಲಿದೆ. ಹಾಗಾಗಿ ನಾವು ನರ್ಸರಿ, ಇಟ್ಟಿಗೆ, ಕಲ್ಲಿನ ಪೂರೈಕೆದಾರರಿಗೆ ಕೇಳುವ ಪ್ರಶ್ನೆಗಳು ಆ ಕಾಯ್ದೆ, ತೀರ್ಪುಗಳಿಂದಲೇ ಬಂದವು. ಮುಂಗಡ ಬಾಕಿಯಿದ್ದರೂ ಕೆಲಸ ಬಿಟ್ಟು ಹೋಗಬಹುದೇ? ಊರಿಗೆ ಹೋಗಿಬರಲು ತಡೆಯಿದೆಯೇ? ಕಡಿತದ ನಂತರ ಕೈಗೆ ಬರುವ ಕೂಲಿ ಎಷ್ಟು? ಹೆಂಗಸರ ಕೂಲಿ ಅವರ ಖಾತೆಗೇ ಹೋಗುತ್ತದೆಯೇ? ಆಧಾರ್ ಕಾರ್ಡ್ ಯಾರ ಬಳಿ ಇದೆ? ಸಾಧ್ಯವಾದಾಗ ಸ್ಥಳಕ್ಕೇ ಹೋಗಿ ಹೆಂಗಸರೊಡನೆ ಮಾತಾಡುತ್ತೇವೆ.

ಸಂಶಯ ಬಂದಾಗ ಖರೀದಿ ನಿಲ್ಲಿಸಿ ಸುಮ್ಮನಾದರೆ ನಮ್ಮ ಕೈ ಶುದ್ಧವಾಗಬಹುದು, ಆದರೆ ಅಲ್ಲಿಯ ಕುಟುಂಬ ಅಲ್ಲೇ ಉಳಿಯುತ್ತದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು, ಗುರುತಿಸುವ, ಬಿಡಿಸುವ ಅಧಿಕಾರವನ್ನು ಕಾಯ್ದೆ ಅವರಿಗೆ ಕೊಟ್ಟಿದೆ. ಮಕ್ಕಳು ದುಡಿಯುತ್ತಿದ್ದರೆ 1098ಕ್ಕೆ ಕರೆ ಮಾಡಬೇಕು. ಜೊತೆಗೆ, ಇಟ್ಟಿಗೆ ತೀರಾ ಅಗ್ಗಕ್ಕೆ ಸಿಕ್ಕಾಗ ಹಿಗ್ಗುವ ಮೊದಲು, ಉಳಿದ ಆ ಹಣ ಯಾರ ಕೂಲಿಯಿಂದ ಬಂತು ಎಂದು ಲೆಕ್ಕ ಹಾಕಬೇಕು.