ಕೋಕೋ ಧಣಿಗಳ ಕಾಲ

ವಿಕ್ಟೋರಿಯಾ ರಾಣಿಯ ಆಳ್ವಿಕೆ ಉಚ್ಛ್ರಾಯದಲ್ಲಿದ್ದ ಕಾಲ. ಇಂಗ್ಲೆಂಡಿನ ನಟ್ಟನಡುವಿನ ಬರ್ಮಿಂಗ್‌ಹ್ಯಾಮ್ ನಗರ ಬಂದೂಕು, ಗುಂಡಿ, ಹಿತ್ತಾಳೆ ಸಾಮಾನು, ಲೇಖನಿಯ ಮುಳ್ಳುಗಳನ್ನು ತಯಾರಿಸಿ ದೇಶದೇಶಗಳಿಗೆ ಕಳಿಸುತ್ತಿತ್ತು. ಆ ಊರಿನ ಹೊಗೆಯ ಕೆಳಗೆ, ಬ್ರಿಡ್ಜ್ ಸ್ಟ್ರೀಟ್ ಎಂಬ ಬೀದಿಯಲ್ಲಿ, ಮುಚ್ಚುವ ಸ್ಥಿತಿಗೆ ಬಂದಿದ್ದ ಕೋಕೋ ಕಾರ್ಖಾನೆಯೊಂದನ್ನು 1861ರಲ್ಲಿ ಇಬ್ಬರು ಅಣ್ಣತಮ್ಮಂದಿರು ತಂದೆಯ ಕೈಯಿಂದ ವಹಿಸಿಕೊಂಡರು. ಅಣ್ಣ ರಿಚರ್ಡ್ ಕ್ಯಾಡ್ಬರಿಗೆ 25 ವರ್ಷ, ತಮ್ಮ ಜಾರ್ಜ್‌ಗೆ 21.

ಅವರದು ಕ್ವೇಕರ್ ಮನೆತನ. ಆ ಪಂಥದಲ್ಲಿ ಬಿಷಪ್ಪರಿಲ್ಲ, ಬಲಿಪೀಠವಿಲ್ಲ. ಸಾದಾ ಹಜಾರವೊಂದರಲ್ಲಿ ಎಲ್ಲರೂ ಮೌನವಾಗಿ ಕುಳಿತು ದೇವರ ಪ್ರೇರಣೆಗಾಗಿ ಕಾಯುವುದೇ ಆರಾಧನೆ. ಪ್ರತಿ ಮನುಷ್ಯನೊಳಗೂ ದೇವರ ಬೆಳಕು ಇದ್ದೇ ಇದೆ ಎಂಬುದು ಅವರ ನಂಬಿಕೆಯ ತಾಯಿಬೇರು. ಆಣೆ ಇಡದ, ಆಯುಧ ಹಿಡಿಯದ ಈ ಜನಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಹಾಗಾಗಿ ವ್ಯಾಪಾರಕ್ಕೆ ಇಳಿದರು. ಚೌಕಾಸಿಯಿಲ್ಲದ ಒಂದೇ ದರ, ಸರಿಯಾದ ತೂಕ ಎಂದು ಹೆಸರು ಪಡೆದರು. ಗುಲಾಮರ ವ್ಯಾಪಾರದ ವಿರುದ್ಧ ಇಂಗ್ಲೆಂಡಿನಲ್ಲಿ ಮೊದಲು ದನಿಯೆತ್ತಿದವರ ಸಾಲಿನಲ್ಲಿಯೂ ಇವರಿದ್ದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ತಂದೆ ಜಾನ್ ಕ್ಯಾಡ್ಬರಿ 1824ರಲ್ಲಿ ಅಂಗಡಿ ತೆರೆದು ಚಹಾ, ಕಾಫಿ, ಕೋಕೋ ಮಾರತೊಡಗಿದ್ದು ಹೆಂಡದ ಬದಲಿಗೆ ಜನ ಇವನ್ನಾದರೂ ಕುಡಿಯಲಿ ಎಂಬ ಆಶಯದಿಂದ. ಮಡದಿ ತೀರಿಕೊಂಡ ಮೇಲೆ ಆತನ ಉತ್ಸಾಹವೂ ಕುಗ್ಗಿತು, ವ್ಯಾಪಾರವೂ ಕುಗ್ಗಿತು. ಮಕ್ಕಳು ತಾಯಿಯಿಂದ ಬಂದ ತಲಾ 4,000 ಪೌಂಡುಗಳನ್ನು ಕಾರ್ಖಾನೆಗೆ ಸುರಿದರು. ವರ್ಷಗಟ್ಟಲೆ ನಷ್ಟ. ಜಾರ್ಜ್ ತನ್ನ ಖರ್ಚನ್ನು ಎಷ್ಟು ಬಿಗಿ ಮಾಡಿದನೆಂದರೆ ದಿನಪತ್ರಿಕೆ ಕೊಳ್ಳುವುದನ್ನೂ ಬಿಟ್ಟ. ಕಾರ್ಖಾನೆ ಮುಳುಗಿದರೆ ಅಣ್ಣ ಭೂಮಾಪಕನಾಗುವುದು, ತಮ್ಮ ಹಿಮಾಲಯಕ್ಕೆ ಹೋಗಿ ಚಹಾ ತೋಟ ಮಾಡುವುದು ಎಂದು ಮಾತಾಗಿತ್ತು. ಅದು ನಡೆದಿದ್ದರೆ ಆತ ನಮ್ಮ ನೆಲದ ಪ್ಲಾಂಟರ್ ದೊರೆಗಳಲ್ಲಿ ಒಬ್ಬನಾಗಿಬಿಡುತ್ತಿದ್ದ.

ಉಳಿಸಿದ್ದು ಡಚ್ಚರ ಒಂದು ಯಂತ್ರ. ಆಗಿನ ಕೋಕೋದಲ್ಲಿ ಜಿಡ್ಡು ಹೆಚ್ಚು. ಅದನ್ನು ಮರೆಮಾಚಲು ಎಲ್ಲರೂ ಆಲೂಗಡ್ಡೆ ಹಿಟ್ಟು, ಸಾಬಕ್ಕಿ ಬೆರೆಸುತ್ತಿದ್ದರು. ಜಾರ್ಜ್ ಹಾಲೆಂಡಿನಿಂದ ತಂದ ಒತ್ತುಯಂತ್ರ ಬೀಜದ ಬೆಣ್ಣೆಯನ್ನೇ ಹಿಂಡಿ ತೆಗೆಯಿತು. 1866ರಲ್ಲಿ ಬೆರಕೆಯಿಲ್ಲದ ಕೋಕೋ ಪುಡಿ ಪೇಟೆಗೆ ಬಂತು, ವ್ಯಾಪಾರ ಕುದುರಿತು.

ಇಷ್ಟಾದರೆ ಒಬ್ಬ ಜಾಣ ವ್ಯಾಪಾರಿಯ ಚರಿತ್ರೆಯಾಯಿತು. ಆದರೆ ಜಾರ್ಜ್ ಕ್ಯಾಡ್ಬರಿಯನ್ನು ರೂಪಿಸಿದ್ದು ಸೆವರ್ನ್ ಸ್ಟ್ರೀಟಿನ ವಯಸ್ಕರ ಶಾಲೆ. ಕಾರ್ಖಾನೆ ಕೈಗೆ ಬರುವ ಮೊದಲೇ, ಇಪ್ಪತ್ತರ ಹರೆಯದಲ್ಲಿ, ಆತ ಅಲ್ಲಿ ಭಾನುವಾರದ ಮೇಷ್ಟ್ರಾದ. ವಾರವಿಡೀ ಭಟ್ಟಿಯ ಮುಂದೆ, ಮಗ್ಗುಲು ಮುರಿಯುವ ಕೆಲಸದಲ್ಲಿ ಬೆಂದ ಗಂಡಸರು ಬೆಳ್ಳಂಬೆಳಗ್ಗೆ ಅಲ್ಲಿಗೆ ಬರುತ್ತಿದ್ದರು. ಗಡ್ಡ ನೆರೆತವರೂ ಇದ್ದರು, ಜೈಲು ಕಂಡು ಬಂದವರೂ ಇದ್ದರು. ಅಕ್ಷರ ತಿದ್ದುವುದು, ಬೈಬಲ್ಲಿನ ಒಂದು ಭಾಗ ಓದುವುದು, ಅದರ ಮೇಲೆ ಮುಕ್ತವಾಗಿ ಮಾತಾಡುವುದು, ಇಷ್ಟೇ ಪಾಠ. ನಗರದ ಹೊರಗೆ ಮನೆ ಮಾಡಿದ ಮೇಲೂ ಜಾರ್ಜ್ ಆ ಚುಮುಚುಮು ಹೊತ್ತಿನಲ್ಲಿ ಹಲವು ಮೈಲಿ ಕುದುರೆಯೇರಿ ಬರುತ್ತಿದ್ದ. ತನ್ನ ತೋಟದ ಹೂಗಳನ್ನು ಕೊಯ್ದು ತಂದು ತರಗತಿಯವರ ಕೈಗೆ ಕೊಡುತ್ತಿದ್ದ. ಅರ್ಧ ಶತಮಾನ ಈ ವ್ರತ ಬಿಡಲಿಲ್ಲ.

ಮೇಷ್ಟ್ರು ಶಿಷ್ಯರ ಮನೆಗಳಿಗೂ ಹೋದ. ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಗೂಡುಗಳು. ಹಿಂದಿನ ಗೋಡೆಯ ಆಚೆ ಇನ್ನೊಬ್ಬರ ಸಂಸಾರ, ಆದ್ದರಿಂದ ಗಾಳಿ ಬರಲು ಹಿಂಬದಿಯ ಕಿಟಕಿಯೇ ಇಲ್ಲ. ಇಡೀ ಅಂಗಳಕ್ಕೆ ಒಂದು ನಲ್ಲಿ, ಒಂದೆರಡು ಕಕ್ಕಸು. ಭಾನುವಾರ ಹೆಂಡ ಬಿಡುತ್ತೇನೆಂದು ಮಾತು ಕೊಟ್ಟವನು ಇಂಥ ಮನೆಗೆ ಮರಳಿ ಬುಧವಾರಕ್ಕೆ ಮತ್ತೆ ಹೆಂಡದಂಗಡಿ ಸೇರುವುದೇಕೆ ಎಂಬುದು ಆತನಿಗೆ ಅಲ್ಲಿ ತಿಳಿಯಿತು. ಉಪದೇಶ ಮಾಡುವವರು ನೂರು ಮಂದಿ ಇದ್ದ ಕಾಲದಲ್ಲಿ ಆ ಮನೆಯ ಹೊಸಿಲು ದಾಟಿ ಒಳಗೆ ಕುಳಿತವನು ಈತ. ನನ್ನ ಮಟ್ಟಿಗೆ ಜಾರ್ಜ್‌ನ ದೊಡ್ಡತನ ಇರುವುದು ಇಲ್ಲಿ. ಆತ ಧಣಿಯಾಗುವ ಮೊದಲು ಕಾರ್ಮಿಕರ ಪಕ್ಕದಲ್ಲಿ ಕುಳಿತು ಕಲಿತ.

ಕಾರ್ಖಾನೆಯಲ್ಲಿ ಇದರ ಫಲ ಕಾಣುತ್ತ ಬಂತು. ದಿನದ ಕೆಲಸಕ್ಕೆ ಮುಂಚೆ ಎಲ್ಲರೂ ಒಟ್ಟು ಸೇರಿ ಬೈಬಲ್ ಓದು, ಪ್ರಾರ್ಥನೆ. ಶನಿವಾರ ಅರ್ಧ ದಿನ ರಜೆ, ಆ ಊರಿಗೆ ಅದು ಹೊಸದು. ಚಳಿಗಾಲದಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುವ ಮೇಜುಗಳ ಅಡಿಯಲ್ಲಿ ಬಿಸಿನೀರಿನ ಕೊಳವೆಗಳಿದ್ದವು. ಅವು ಸರಿಯಾಗಿ ಬಿಸಿಯಾಗಿವೆಯೇ ಎಂದು ನೋಡಲು ಧಣಿಗಳಿಬ್ಬರೂ ಮೊಣಕಾಲೂರಿ ಮೇಜಿನ ಕೆಳಗೆ ತೂರುತ್ತಿದ್ದುದನ್ನು ಹಳೆಯ ಕೆಲಸಗಾರರು ಮುಪ್ಪಿನಲ್ಲೂ ನೆನೆಯುತ್ತಿದ್ದರು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ಮಿಸ್ಟರ್ ರಿಚರ್ಡ್, ಮಿಸ್ಟರ್ ಜಾರ್ಜ್ ಎಂದೇ.

1879ರಲ್ಲಿ ಅಣ್ಣತಮ್ಮಂದಿರು ಬಂಧುಮಿತ್ರರು ಬೆರಗಾಗುವ ಕೆಲಸಕ್ಕೆ ಕೈಹಾಕಿದರು. ಪೇಟೆ ಬಿಟ್ಟು ನಾಲ್ಕು ಮೈಲಿ ದೂರದ ಹಸಿರು ಬಯಲಿಗೆ ಕಾರ್ಖಾನೆಯನ್ನೇ ಎತ್ತಿಕೊಂಡು ಹೋದರು. ಬೋರ್ನ್ ಎಂಬ ಹಳ್ಳದ ದಡದ ಆ ಜಾಗಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಹತ್ತಿರದಲ್ಲೇ ಕಾಲುವೆ, ರೈಲು ಎರಡೂ ಇದ್ದುದರಿಂದ ಸರಕು ಸಾಗಣೆಗೆ ತೊಡಕಿರಲಿಲ್ಲ. ಕಾರ್ಖಾನೆಯ ಜೊತೆಗೆ ಆಟದ ಬಯಲು, ತೋಟ, ಬುತ್ತಿ ಬಿಸಿ ಮಾಡಿಕೊಳ್ಳಲು ಅಡುಗೆಮನೆ.

ಸುತ್ತಲೂ ಲಾಭಕೋರರು ಅದೇ ಹಳೆಯ ಗೂಡುಗಳನ್ನು ಕಟ್ಟಿಯಾರು ಎಂಬ ಭಯ ಜಾರ್ಜ್‌ನನ್ನು ಬಿಡಲಿಲ್ಲ. 1893ರಲ್ಲಿ ಪಕ್ಕದ 120 ಎಕರೆ ಕೊಂಡು, 1895ರಿಂದ ಊರು ಕಟ್ಟಿಸಿದ. ವಿಲಿಯಂ ಅಲೆಕ್ಸಾಂಡರ್ ಹಾರ್ವೆ ಎಂಬ ತರುಣ ವಾಸ್ತುಶಿಲ್ಪಿಯ ಕೈಯಲ್ಲಿ ನಕ್ಷೆಗಳು ತಯಾರಾದವು. ನಿವೇಶನದ ಕಾಲು ಭಾಗಕ್ಕಿಂತ ಹೆಚ್ಚು ನೆಲವನ್ನು ಮನೆ ಆಕ್ರಮಿಸಕೂಡದು, ಉಳಿದದ್ದು ತೋಟಕ್ಕೆ. ಬಾಡಿಗೆದಾರ ಬರುವ ಮೊದಲೇ ಮಣ್ಣು ಅಗೆದು ಹಣ್ಣಿನ ಗಿಡ ನೆಟ್ಟಿರುತ್ತಿದ್ದರು. ಮನೆಗಳು ತನ್ನ ಆಳುಗಳಿಗಷ್ಟೇ ಮೀಸಲಲ್ಲ, ಹೊರಗಿನವರಿಗೂ ಉಂಟು. ಕೆಲಸ ಹೋದವನ ಸೂರೂ ಹೋಗುವಂಥ ಊರು ಆತನಿಗೆ ಬೇಡವಾಗಿತ್ತು. 1899ರಲ್ಲಿ ಅಣ್ಣ ರಿಚರ್ಡ್ ಜೆರುಸಲೇಮಿನಲ್ಲಿ ತೀರಿಕೊಂಡ. ಮರುವರ್ಷ ಜಾರ್ಜ್ 330 ಎಕರೆ ನೆಲವನ್ನೂ 313 ಮನೆಗಳನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟು ತನ್ನ ಹಕ್ಕನ್ನು ಬಿಟ್ಟುಕೊಟ್ಟ. ಹೆತ್ತ ಮಕ್ಕಳಿಗೆ ಸಲ್ಲಬೇಕಾದ ಆಸ್ತಿ ಅದು. ಮನೆತನದ ವುಡ್‌ಬ್ರುಕ್ ಬಂಗಲೆಯನ್ನೂ 1903ರಲ್ಲಿ ಧಾರ್ಮಿಕ ಅಧ್ಯಯನ ಕೇಂದ್ರಕ್ಕೆ ಬಿಟ್ಟುಕೊಟ್ಟ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿ ಅಲ್ಲಿ ತಂಗಿದ್ದರು.

ಆ ಲೋಕ ನಮ್ಮ ಕಣ್ಣಿಗೆ ಉಸಿರುಗಟ್ಟಿಸುವಂತೆಯೂ ಕಂಡೀತು. ಊರಿನಲ್ಲಿ ಹೆಂಡದಂಗಡಿಗೆ ಜಾಗವಿಲ್ಲ. ಗಂಡಸರೂ ಹೆಂಗಸರೂ ಕೆಲಸ ಮಾಡುವ ವಿಭಾಗಗಳು ಬೇರೆ ಬೇರೆ. ಮದುವೆಯಾದ ಹೆಣ್ಣು ಕೆಲಸ ಬಿಡಲೇಬೇಕು. ಹೊರಡುವಾಗ ಒಂದು ಬೈಬಲ್, ಒಂದು ಹೂವು ಕೈಗೆ ಬರುತ್ತಿತ್ತು. ತಂದೆಯಂತೆ ಪೊರೆಯುವ ಧಣಿ ತಂದೆಯಂತೆ ಆಳುತ್ತಲೂ ಇದ್ದ ಎನ್ನದೆ ವಿಧಿಯಿಲ್ಲ. ಆದರೂ ಕಾಲ ಕಳೆದಂತೆ ಅಲ್ಲಿ ಕೆಲಸಗಾರರ ಮಾತಿಗೆ ಬೆಲೆ ಬರುತ್ತ ಹೋಯಿತು. 1905ರಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಸಮಿತಿ ಏರ್ಪಟ್ಟವು. ಮರುವರ್ಷ ಪಿಂಚಣಿ ನಿಧಿ ಬಂತು. 1918ರ ಹೊತ್ತಿಗೆ ಕೆಲಸಗಾರರೇ ಆರಿಸಿ ಕಳಿಸಿದ ಪ್ರತಿನಿಧಿಗಳು ಆಡಳಿತದವರ ಎದುರು ಕುಳಿತು ಮಾತಾಡುವ ಮಂಡಳಿಗಳಾದವು.

ಜಾರ್ಜ್ ತನ್ನ ಕಾಂಪೌಂಡಿನೊಳಗೆ ನಿಂತವನೂ ಅಲ್ಲ. 1901ರಲ್ಲಿ ಡೈಲಿ ನ್ಯೂಸ್ ಪತ್ರಿಕೆಯನ್ನು ಕೊಂಡು ಬೋಯರ್ ಯುದ್ಧದ ವಿರುದ್ಧ ನಿಲ್ಲಿಸಿದ. ಮನೆಯಲ್ಲೇ ಕೂತು ಬೆಂಕಿಪೆಟ್ಟಿಗೆ ಅಂಟಿಸುವ, ಅಂಗಿ ಹೊಲಿಯುವ ಬಡ ಹೆಂಗಸರ ದುಡಿಮೆಯನ್ನೂ ಅವರಿಗೆ ಸಿಗುವ ಪುಡಿಗಾಸನ್ನೂ ಕಣ್ಣಾರೆ ತೋರಿಸಲು ಆ ಪತ್ರಿಕೆ 1906ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಏರ್ಪಡಿಸಿತು. ಅಲ್ಲಿ ಎದ್ದ ಕೂಗು 1909ರಲ್ಲಿ ಕನಿಷ್ಠ ಕೂಲಿ ನಿಗದಿ ಮಾಡುವ ಕಾಯಿದೆಗೆ ದಾರಿಯಾಯಿತು.

ಇನ್ನು ಈ ಚರಿತ್ರೆಯ ಕರಿಪುಟ. ಬೋರ್ನ್‌ವಿಲ್‌ಗೆ ಬರುತ್ತಿದ್ದ ಕೋಕೋ ಬೀಜದಲ್ಲಿ ಸುಮಾರು ಅರ್ಧ, ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ಟೋಮೆ, ಪ್ರಿನ್ಸಿಪೆ ಎಂಬ ಪೋರ್ಚುಗೀಸ್ ದ್ವೀಪಗಳ ಬೆಳೆ. ಪುತ್ತೂರು, ಸುಳ್ಯದ ಕಡೆ ಅಡಿಕೆಮರಗಳ ನೆರಳಿನಲ್ಲಿ ಈ ಗಿಡ ಕಂಡವರಿಗೆ ಗೊತ್ತು, ಕಾಯಿ ಕೊಯ್ದು, ಒಡೆದು, ಬೀಜ ಹುದುಗಿಸಿ ಒಣಗಿಸುವುದು ಎಷ್ಟು ಕೈಗಳು ಬೇಡುವ ಕೆಲಸವೆಂದು. ಆ ದ್ವೀಪಗಳಿಗೆ ಕೈಗಳು ಬರುತ್ತಿದ್ದುದು ಅಂಗೋಲಾದ ಒಳನಾಡಿನಿಂದ, ಸರಪಳಿ ಹಾಕಿ ನಡೆಸಿಕೊಂಡು ಬಂದ ದಂಡುಗಳಲ್ಲಿ. ಕಾಗದದ ಮೇಲೆ ಐದು ವರ್ಷದ ಕರಾರು. ಆದರೆ ದ್ವೀಪ ಹೊಕ್ಕವರು ಊರಿಗೆ ಮರಳುತ್ತಿರಲಿಲ್ಲ.

1901ರಲ್ಲಿ ರಿಚರ್ಡ್‌ನ ಮಗ ವಿಲಿಯಂ ಕ್ಯಾಡ್ಬರಿಯ ಕಿವಿಗೆ ಈ ಸುದ್ದಿ ಬಿತ್ತು. ಅದೇ ವರ್ಷ ಅಲ್ಲಿನ ತೋಟವೊಂದರ ಮಾರಾಟದ ಪಟ್ಟಿ ಕೈ ಸೇರಿತು. ಕಟ್ಟಡ, ಯಂತ್ರಗಳ ಸಾಲಿನಲ್ಲೇ 200 ಕರಿಯ ಕೂಲಿಗಳನ್ನು ಬರೆದು, 3,555 ಪೌಂಡು ಎಂದು ಬೆಲೆ ನಮೂದಿಸಲಾಗಿತ್ತು. ಆತ 1903ರಲ್ಲಿ ಲಿಸ್ಬನ್ನಿಗೆ ಹೋದ. ಹೊಸ ಕಾನೂನು ಬಂದಿದೆ, ಕಾಯಿರಿ ಎಂದರು. ಕಾದರು. 1905ರಲ್ಲಿ ಜೋಸೆಫ್ ಬರ್ಟ್ ಎಂಬ ಕ್ವೇಕರನಿಗೆ ಪೋರ್ಚುಗೀಸ್ ಭಾಷೆ ಕಲಿಸಿ ತನಿಖೆಗೆ ಕಳಿಸಿದರು. ಅಷ್ಟರಲ್ಲಿ ಪತ್ರಕರ್ತ ಹೆನ್ರಿ ನೆವಿನ್ಸನ್ ಅಂಗೋಲಾದ ದಾರಿಗಳಲ್ಲಿ ನಡೆದು, ಹಾದಿಬದಿಯಲ್ಲಿ ಬಿದ್ದಿದ್ದ ಎಲುಬುಗಳನ್ನೂ ಬೇಡಿಗಳನ್ನೂ ಕಂಡು ಲೋಕಕ್ಕೆ ಸಾರಿಬಿಟ್ಟಿದ್ದ. ಬರ್ಟ್ 1907ರಲ್ಲಿ ತಂದದ್ದೂ ಅದೇ ಸುದ್ದಿ. ಆಗಲೂ ಬ್ರಿಟಿಷ್ ವಿದೇಶಾಂಗ ಕಚೇರಿ ಕಾಯಿರಿ ಎಂದಿತು, ಇವರು ಕಾದರು. ಖರೀದಿ ನಿಲ್ಲಿಸಿದರೆ ಪೋರ್ಚುಗೀಸರ ಮೇಲಿನ ಹಿಡಿತ ತಪ್ಪುತ್ತದೆ ಎಂಬುದು ಕ್ಯಾಡ್ಬರಿಗಳ ವಾದ. ಕಡೆಗೆ ವಿಲಿಯಂ ತಾನೇ ಅಲ್ಲಿಗೆ ಹೋಗಿ ನೋಡಿ ಬಂದ ಮೇಲೆ, 1909ರ ಮಾರ್ಚ್‌ನಲ್ಲಿ ಕ್ಯಾಡ್ಬರಿ, ಫ್ರೈ, ರೌನ್‌ಟ್ರೀ ಎಂಬ ಮೂರೂ ಕ್ವೇಕರ್ ಮನೆಗಳು ಆ ದ್ವೀಪಗಳ ಕೋಕೋವನ್ನು ಬಹಿಷ್ಕರಿಸಿದವು.

ನಡುವೆ ಎಂಟು ವರ್ಷ. ಆ ವಾದದಲ್ಲಿ ಪ್ರಾಮಾಣಿಕತೆ ಇತ್ತೆಂದು ನಾನು ನಂಬುತ್ತೇನೆ. ಆದರೆ ಎಂಟು ವರ್ಷಕ್ಕೆ ಅದು ಸಾಲದು. ಬ್ರಿಡ್ಜ್ ಸ್ಟ್ರೀಟಿನ ಹುಡುಗಿಯ ಕಾಲು ಚಳಿಗೆ ಸೆಟೆದರೆ ಆ ದಿನವೇ ಮೊಣಕಾಲೂರುತ್ತಿದ್ದವರಿಗೆ, ಮುಖ ಕಾಣದ ಅಂಗೋಲಾದ ಹುಡುಗನ ವಿಷಯದಲ್ಲಿ ಕಾಯುವುದು ಸಾಧ್ಯವಾಯಿತು.

ಲಂಡನ್ನಿನ ಸ್ಟ್ಯಾಂಡರ್ಡ್ ಪತ್ರಿಕೆ 1908ರಲ್ಲಿ ಇದನ್ನೇ ಎತ್ತಿ ಆಡಿದಾಗ ಕ್ಯಾಡ್ಬರಿಗಳು ಮಾನನಷ್ಟದ ದಾವೆ ಹೂಡಿದರು. ಮರುವರ್ಷದ ಕೊನೆಗೆ ಬರ್ಮಿಂಗ್‌ಹ್ಯಾಮಿನಲ್ಲೇ ವಿಚಾರಣೆ. ಅವರ ವಕೀಲ ರೂಫಸ್ ಐಸಾಕ್ಸ್. ಮುಂದೆ ಲಾರ್ಡ್ ರೀಡಿಂಗ್ ಎಂಬ ಹೆಸರಿನಲ್ಲಿ ಭಾರತದ ವೈಸರಾಯ್ ಆದವನು ಈತನೇ. ಎದುರಿಗೆ ಎಡ್ವರ್ಡ್ ಕಾರ್ಸನ್. ಜಾರ್ಜ್ ತನ್ನ ಎಪ್ಪತ್ತರ ವಯಸ್ಸಿನಲ್ಲಿ ಸಾಕ್ಷಿ ಕಟ್ಟೆ ಏರಿದ. ಕಾರ್ಸನ್ ವಿಲಿಯಂನನ್ನು ಪಾಟೀಸವಾಲಿನಲ್ಲಿ ಹಿಡಿದು, 1901ರಿಂದ 1908ರವರೆಗೆ ನಿಮ್ಮ ಕೋಕೋಗಾಗಿ ಪ್ರಾಣ ಬಿಟ್ಟ ಗುಲಾಮರೆಷ್ಟು ಎಂದು ಎಂದಾದರೂ ಅಂದಾಜು ಮಾಡಿದ್ದೀರಾ ಎಂದು ಕೇಳಿದ. ಇಲ್ಲ ಎಂದಷ್ಟೇ ಆತ ಹೇಳಬೇಕಾಯಿತು. ಜ್ಯೂರಿ ಕ್ಯಾಡ್ಬರಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಪರಿಹಾರವೆಂದು ಗೊತ್ತುಮಾಡಿದ್ದು ಒಂದು ಫಾರ್ದಿಂಗ್, ಪೆನ್ನಿಯ ಕಾಲು ಭಾಗ.

ಬೋರ್ನ್‌ವಿಲ್‌ನ ಖರೀದಿ ಇಂದಿನ ಘಾನಾ ಆಗಿರುವ ಗೋಲ್ಡ್ ಕೋಸ್ಟಿನ ಕಡೆ ಹೊರಳಿತು. ಅಲ್ಲಿ ಆಫ್ರಿಕನ್ ರೈತರು ಸ್ವಂತ ತುಂಡು ಹೊಲಗಳಲ್ಲಿ ಕೋಕೋ ಬೆಳೆಯುತ್ತಿದ್ದರು. 1911ರ ಹೊತ್ತಿಗೆ ಆ ನಾಡು ಜಗತ್ತಿಗೆಲ್ಲ ಅತಿ ಹೆಚ್ಚು ಕೋಕೋ ಕಳಿಸುವ ನಾಡಾಯಿತು. ದ್ವೀಪಗಳಿಂದ ಕೂಲಿಗಳನ್ನು ಅಂಗೋಲಾಕ್ಕೆ ಮರಳಿ ಕಳಿಸುವ ಹಡಗುಗಳೂ ನಿಧಾನವಾಗಿ ಹೊರಡತೊಡಗಿದವು.